ಸೊಂಟದ ಮೂಳೆ ಮುರಿದಾಗ: ಸ್ಕ್ರೂ, ಪ್ಲೇಟ್, ರಾಡ್, ಬಾಲ್‌ಗಳಲ್ಲಿ ಯಾರಿಗೆ ಯಾವುದು?

ಬಚ್ಚಲಲ್ಲಿ ಜಾರಿಬಿದ್ದ ಅಜ್ಜಿಯನ್ನೋ, ರಾತ್ರಿ ಮೂತ್ರಕ್ಕೆಂದು ಎದ್ದು ಹೊಸ್ತಿಲು ಎಡವಿದ ಅಜ್ಜನನ್ನೋ ಆಸ್ಪತ್ರೆಗೆ ತಂದ ಮನೆಯವರು ಎಕ್ಸ್‌ರೇ ಕೈಗೆ ಬಂದ ಗಳಿಗೆಯಲ್ಲೇ ಕೇಳುವ ಪ್ರಶ್ನೆ ಒಂದೇ: "ರಾಡ್ ಹಾಕಿಸಬೇಕೋ, ಬಾಲ್ ಹಾಕಿಸಬೇಕೋ, ಯಾವುದು ಒಳ್ಳೇದು?" ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನನ್ನ ಕೆಲಸವೇ ಶಸ್ತ್ರಚಿಕಿತ್ಸೆ ಆದವರನ್ನು ಹಾಸಿಗೆಯಿಂದ ಎಬ್ಬಿಸಿ ನಡೆಸುವುದು. ಹಾಗಾಗಿ ಈ ಪ್ರಶ್ನೆ ವಾರಕ್ಕೆ ಒಮ್ಮೆಯಾದರೂ ನನ್ನ ಕಿವಿಗೆ ಬೀಳುತ್ತದೆ. ಪಕ್ಕದ ಹಾಸಿಗೆಯವರಿಗೆ ರಾಡ್ ಹಾಕಿ ಎರಡೇ ದಿನಕ್ಕೆ ನಡೆಸಿದರು, ನಮ್ಮವರಿಗೆ ಮಾತ್ರ ಬಾಲ್ ಬದಲಾಯಿಸಬೇಕು ಎನ್ನುತ್ತಾರಲ್ಲ ಎಂಬ ಅನುಮಾನವೂ ಅದರ ಬೆನ್ನಿಗೇ ಬರುತ್ತದೆ. ಇಬ್ಬರದ್ದೂ "ಸೊಂಟದ ಮೂಳೆ" ಎಂದೇ ಹೇಳಿದರೂ ಮುರಿದಿರುವ ಜಾಗ ಬೇರೆ, ಆದ್ದರಿಂದ ಚಿಕಿತ್ಸೆಯೂ ಬೇರೆ. ಯಾವ ಸಾಧನ ಮೇಲು ಎಂದು ಕೇಳುವ ಮೊದಲು ಮೂಳೆ ಎಲ್ಲಿ ಮುರಿದಿದೆ, ಜಾಗ ಬಿಟ್ಟು ಸರಿದಿದೆಯೇ ಎಂದು ಕೇಳಬೇಕು. ಅದಾದ ಮೇಲೆ, ಹಿರಿಯರ ವಿಷಯದಲ್ಲಿ, ಎರಡು ಅಳತೆಗೋಲು ಸಾಕು. ಮಾರನೆಯ ದಿನವೇ ಕಾಲೂರಿ ನಿಲ್ಲಲು ಈ ವಿಧಾನ ಬಿಡುತ್ತದೆಯೇ? ಎರಡನೆಯ ಸಲ ಆಪರೇಷನ್ ಟೇಬಲ್ಲಿಗೆ ಹೋಗುವ ಸಂಭವ ಇದರಲ್ಲಿ ಎಷ್ಟು?

ಮೊದಲ ಕೆಲಸ: ಅಲುಗಾಡಿಸದೆ ತನ್ನಿ, ತಡಮಾಡದೆ ತನ್ನಿ

ಬಿದ್ದವರ ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ ಕಂಡು, ಪಾದ ಹೊರಕ್ಕೆ ತಿರುಗಿ ಮಲಗಿದ್ದರೆ ತೊಡೆಮೂಳೆಯ ಮೇಲ್ತುದಿ ಮುರಿದು ಸರಿದಿದೆ ಎಂದೇ ತಿಳಿಯಬೇಕು. ಎಣ್ಣೆ ಹಚ್ಚಿ ನೀವುವುದು, ಎಳೆದು ನೇರ ಮಾಡುವುದು, ನಾಟಿ ಕಟ್ಟು ಹಾಕಿಸುವುದು ಯಾವುದೂ ಬೇಡ. ಕೈಮೂಳೆಗೆ ಕಟ್ಟು ಕಟ್ಟಿದಂತೆ ಈ ಮೂಳೆಗೆ ಕಟ್ಟಲು ಬರುವುದಿಲ್ಲ, ಏಕೆಂದರೆ ಅದು ದಪ್ಪ ಮಾಂಸಖಂಡಗಳ ಒಳಗೆ, ಸೊಂಟದ ಗುಳಿಯ ಹತ್ತಿರ ಇದೆ. ಎರಡು ಕಾಲುಗಳ ನಡುವೆ ದಿಂಬಿಟ್ಟು, 108ಕ್ಕೆ ಕರೆಮಾಡಿ, ಮಲಗಿಸಿಕೊಂಡೇ ಕರೆತನ್ನಿ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಮಾತ್ರೆಗಳ ಚೀಟಿಗಳನ್ನು ತಪ್ಪದೆ ತನ್ನಿ. ರಕ್ತ ತೆಳುವಾಗಿಸುವ ಮಾತ್ರೆಯ ವಿಷಯ ಕೊನೆಯ ಗಳಿಗೆಯಲ್ಲಿ ಗೊತ್ತಾಗಿ ಶಸ್ತ್ರಚಿಕಿತ್ಸೆ ಮುಂದೆ ಹೋಗುವುದು ಅಪರೂಪವೇನಲ್ಲ.

ಸಾಧ್ಯವಾದಷ್ಟು ಮಟ್ಟಿಗೆ ಒಂದೂವರೆಯಿಂದ ಎರಡು ದಿನದೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. 2020ರಲ್ಲಿ ಪ್ರಕಟವಾದ, 17 ದೇಶಗಳ ಸುಮಾರು 3,000 ರೋಗಿಗಳನ್ನೊಳಗೊಂಡ ಅಧ್ಯಯನದಲ್ಲಿ, ಮುರಿತ ಪತ್ತೆಯಾದ ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದವರಿಗೂ ಸುಮಾರು 24 ಗಂಟೆಗೆ ಆದವರಿಗೂ ಸಾವಿನ ಪ್ರಮಾಣದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಬೇಗ ಆದವರಲ್ಲಿ ಬುದ್ಧಿಭ್ರಮಣೆ ಕಡಿಮೆಯಿತ್ತು, ಅವರು ಬೇಗ ಎದ್ದು ನಿಂತರು. ಹೃದಯದ ಪರೀಕ್ಷೆಗೆಂದು ಒಂದು ರಾತ್ರಿ ಕಾದರೆ ಗಾಬರಿಪಡಬೇಕಾಗಿಲ್ಲ. ಹಣಕ್ಕೋ, ನೆಂಟರ ಒಪ್ಪಿಗೆಗೋ ವಾರಗಟ್ಟಲೆ ಮಲಗಿಸಿಕೊಂಡು ಕಾಯುವುದು ಮಾತ್ರ ಜೀವಕ್ಕೇ ಅಪಾಯ. ಬೆನ್ನಹುಣ್ಣು, ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ ಇವೆಲ್ಲ ಶುರುವಾಗುವುದು ಹಾಸಿಗೆಯಲ್ಲೇ. ಕಾಯುವಷ್ಟು ಹೊತ್ತು ನೋವಿಗೆ ತೊಡೆಸಂದಿನಲ್ಲಿ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಡಲು ಸಾಧ್ಯವೇ ಎಂದು ಕೇಳಿ. ಹಿರಿಯರಿಗೆ ಬಲವಾದ ನೋವಿನ ಔಷಧಿಗಳಿಂದ ಬರುವ ಮಂಪರು ಇದರಿಂದ ಕಡಿಮೆಯಾಗುತ್ತದೆ.

ಎಕ್ಸ್‌ರೇ ಹಿಡಿದು ಒಮ್ಮೆ ನೋಡಿ

ತೊಡೆಮೂಳೆಯ ತುದಿಯಲ್ಲಿ ಒಂದು ಗುಂಡು, ಅದರ ಕೆಳಗೆ ಓರೆಯಾದ ಕತ್ತು, ಕತ್ತಿನ ಬುಡದಲ್ಲಿ ಟ್ರೋಕ್ಯಾಂಟರ್ ಎಂಬ ಒಂದು ದೊಡ್ಡ, ಒಂದು ಚಿಕ್ಕ ಉಬ್ಬು, ಅಲ್ಲಿಂದ ಕೆಳಗೆ ನೀಳ ಮೂಳೆ. ವರದಿಯಲ್ಲಿ "ನೆಕ್ ಆಫ್ ಫೀಮರ್" ಎಂದಿದ್ದರೆ ಮುರಿದಿರುವುದು ಕತ್ತು. "ಇಂಟರ್‌ಟ್ರೋಕ್ಯಾಂಟರಿಕ್" ಎಂದಿದ್ದರೆ ಎರಡು ಉಬ್ಬುಗಳ ನಡುವಿನ ಬುಡ. "ಸಬ್‌ಟ್ರೋಕ್ಯಾಂಟರಿಕ್" ಎಂದಿದ್ದರೆ ಚಿಕ್ಕ ಉಬ್ಬಿನಿಂದ ಕೆಳಗಿನ ಸುಮಾರು 5 ಸೆಂ.ಮೀ. ಭಾಗ.

ಫಿಲ್ಮನ್ನು ವಾರ್ಡಿನ ಕಿಟಕಿಯ ಬೆಳಕಿಗೆ ಹಿಡಿದರೆ ಸಾಮಾನ್ಯರಿಗೂ ಕಾಣುವ ಒಂದು ಗುರುತಿದೆ. ಮುರಿಯದ ಕಡೆಯಲ್ಲಿ ತೊಡೆಮೂಳೆಯ ಕತ್ತಿನ ಒಳ ಅಂಚಿನಿಂದ ಹೊರಟು ಸೊಂಟದ ಗುಳಿಯಿಂದ ಹೊಟ್ಟೆಯ ಕೆಳಗೆ ಮುಂದಕ್ಕೆ ಚಾಚಿದ ಮೂಳೆಯ (ಪ್ಯೂಬಿಕ್ ಮೂಳೆ) ಕೆಳ ಅಂಚಿನವರೆಗೆ ಒಂದು ನಯವಾದ ಕಮಾನು, ಒಂದೇ ಎಳೆತದಲ್ಲಿ ಬರೆದಂತೆ, ಸಾಗುತ್ತದೆ. ಮುರಿದ ಕಡೆಯಲ್ಲಿ ಆ ಕಮಾನು ನಡುವೆ ಕಡಿದು ಮೆಟ್ಟಿಲಿನಂತೆ ಕಂಡರೆ ಮೂಳೆ ಜಾಗ ಬಿಟ್ಟಿದೆ ಎಂದು ಅರ್ಥ. ಇದರಿಂದ ನೀವೇ ತೀರ್ಮಾನ ಮಾಡಬೇಕೆಂದು ಹೇಳುತ್ತಿಲ್ಲ. ವೈದ್ಯರು "ಸರಿದಿದೆ" ಎಂದಾಗ ಅವರು ಬೆರಳಿಟ್ಟು ತೋರಿಸುವುದು ನಿಮಗೆ ಕಂಡರೆ ಮುಂದಿನ ಮಾತು ಸುಲಭವಾಗುತ್ತದೆ.

ಎಕ್ಸ್‌ರೇಯಲ್ಲಿ ಏನೂ ಕಾಣದಿರುವುದೂ ಉಂಟು. ಪಾಂಡವಪುರದ ಕಡೆಯ ನನ್ನ ಸೋದರತ್ತೆ ಕೊಟ್ಟಿಗೆಯಲ್ಲಿ ಬಿದ್ದಾಗ ಮೊದಲು ತೋರಿಸಿದ ಕಡೆ ಒಂದೇ ಕೋನದಿಂದ ಫಿಲ್ಮ್ ತೆಗೆದು "ಮೂಳೆ ಸರಿಯಿದೆ, ಉಳುಕಿದೆ ಅಷ್ಟೇ" ಎಂದು ಕಳಿಸಿದ್ದರು. ಅವರು ಗೋಡೆ ಹಿಡಿದು, ಕುಂಟುತ್ತ ಎಂಟು ದಿನ ಓಡಾಡಿದರು. ಒಂಬತ್ತನೆಯ ದಿನ ಚಾಪೆಯಿಂದ ಏಳುವಾಗ ಒಳಗೆ ಏನೋ ಕಟಕ್ಕೆಂದಿತು, ಪಾದ ಹೊರಕ್ಕೆ ತಿರುಗಿತು. ಕತ್ತಿನ ಮೂಳೆ ಒಂದಕ್ಕೊಂದು ಕಚ್ಚಿಕೊಂಡಂತೆ ಮುರಿದಿದ್ದುದರಿಂದ ಮೊದಲು ನಡೆಯಲು ಆಗಿತ್ತು. ಕಚ್ಚು ಬಿಟ್ಟ ಮೇಲೆ ಸರಿಯಿತು. ಮೊದಲ ದಿನವೇ ಗೊತ್ತಾಗಿದ್ದರೆ ಬೆರಳಗಲದ ಗಾಯದಲ್ಲಿ ಮೂರು ಸ್ಕ್ರೂ ಹಾಕಿ ಮುಗಿಯುತ್ತಿದ್ದ ಕೆಲಸಕ್ಕೆ ಕೊನೆಗೆ ಗುಂಡನ್ನೇ ತೆಗೆದು ಲೋಹದ ಬಾಲ್ ಕೂರಿಸಬೇಕಾಯಿತು. ಆದ್ದರಿಂದ ಎದುರಿನಿಂದ ಒಂದು, ಪಕ್ಕದಿಂದ ಒಂದು, ಹೀಗೆ ಎರಡು ಫಿಲ್ಮ್ ಬೇಕೇ ಬೇಕು. ಅವೆರಡರಲ್ಲೂ ಕಾಣದೆ, ಕಾಲೂರಿದರೆ ತೊಡೆಸಂದಿನಲ್ಲಿ ನೋವು ಬರುತ್ತಲೇ ಇದ್ದರೆ ಎಂ.ಆರ್.ಐ. ಅಥವಾ ಸಿ.ಟಿ. ಮಾಡಿಸಲು ನೀವೇ ಒತ್ತಾಯಿಸಿ.

ಕತ್ತು ಮುರಿದಿದ್ದರೆ: ರಕ್ತದ ಚಿಂತೆ

ಗುಂಡಿಗೆ ರಕ್ತ ಹೋಗುವುದು ಬಹುಮಟ್ಟಿಗೆ ಕತ್ತಿನ ಮೇಲ್ಮೈಗೆ ಅಂಟಿಕೊಂಡು ಮೇಲೇರುವ ಸಣ್ಣ ರಕ್ತನಾಳಗಳಿಂದ. ಕತ್ತು ಮುರಿದು ಸರಿದರೆ ಆ ನಾಳಗಳು ಹರಿಯುತ್ತವೆ ಅಥವಾ ತಿರುಚಿಕೊಳ್ಳುತ್ತವೆ. ಸ್ಕ್ರೂ ಎಷ್ಟೇ ಚೆನ್ನಾಗಿ ಕೂತರೂ ರಕ್ತವಿಲ್ಲದ ಗುಂಡು ತಿಂಗಳುಗಳ ನಂತರ ಸತ್ತು ಕುಸಿಯಬಹುದು, ಮುರಿತ ಕೂಡದೆಯೂ ಇರಬಹುದು. ಬುಡ ಮುರಿದವರಿಗೆ ಈ ಭಯ ಕಡಿಮೆ. ಅಲ್ಲಿ ರಕ್ತ ಧಾರಾಳ, ಚಿಂತೆ ಭಾರದ್ದು. ಎರಡಕ್ಕೂ ಬೇರೆ ಬೇರೆ ಸಾಧನ ಏಕೆ ಎಂಬುದರ ಗುಟ್ಟು ಇಷ್ಟೇ.

ಕತ್ತಿನ ಮುರಿತವನ್ನು ವೈದ್ಯರು 1961ರಲ್ಲಿ ಗಾರ್ಡನ್ ಎಂಬ ಶಸ್ತ್ರವೈದ್ಯರು ಮಾಡಿದ ನಾಲ್ಕು ದರ್ಜೆಗಳಲ್ಲಿ ಹೇಳುತ್ತಾರೆ. ಒಂದು, ಎರಡು ಎಂದರೆ ಸರಿದಿಲ್ಲ. ಮೂರು, ನಾಲ್ಕು ಎಂದರೆ ಸರಿದಿದೆ. ಸರಿಯದ ಮುರಿತಕ್ಕೆ ಯಾವ ವಯಸ್ಸಿನವರಿಗಾದರೂ ಸಾಮಾನ್ಯವಾಗಿ ಅವರದೇ ಗುಂಡನ್ನು ಉಳಿಸಿಕೊಂಡು ಸ್ಕ್ರೂ ಹಾಕುವುದು ವಾಡಿಕೆ. ಮೂರು ಟೊಳ್ಳು ಸ್ಕ್ರೂಗಳನ್ನು ತಲೆಕೆಳಗಾದ ತ್ರಿಕೋನದಂತೆ, ಒಂದಕ್ಕೊಂದು ಸಮಾನಾಂತರವಾಗಿ ಹಾಕುತ್ತಾರೆ. ಗಾಯ ಚಿಕ್ಕದು, ರಕ್ತ ಹೋಗುವುದು ಕಡಿಮೆ, ಸಮಯವೂ ಕಡಿಮೆ. ಇದರ ಬದಲು ಜಾರುವ ಒಂದು ದಪ್ಪ ಸ್ಕ್ರೂ ಮತ್ತು ಪ್ಲೇಟ್ ಹಾಕುವುದೂ ಇದೆ. 2017ರಲ್ಲಿ ಇವೆರಡನ್ನು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಹೋಲಿಸಿದ ದೊಡ್ಡ ಅಧ್ಯಯನ ಬಂತು. ಎರಡು ವರ್ಷದೊಳಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾದವರ ಪಾಲು ಎರಡೂ ಗುಂಪಿನಲ್ಲಿ ಐವರಲ್ಲಿ ಒಬ್ಬರ ಆಸುಪಾಸಿನಲ್ಲೇ ಇತ್ತು. ಗುಂಡು ಸಾಯುವುದು ಪ್ಲೇಟಿನ ಗುಂಪಿನಲ್ಲಿ ಸ್ವಲ್ಪ ಹೆಚ್ಚು ಕಂಡರೆ, ಬೀಡಿ ಸಿಗರೇಟು ಸೇದುವವರಿಗೂ ಕತ್ತಿನ ತೀರ ಬುಡದಲ್ಲಿ ಮುರಿದವರಿಗೂ ಪ್ಲೇಟೇ ಅನುಕೂಲ ಎಂಬ ಸೂಚನೆ ಸಿಕ್ಕಿತು. ಹಾಗಾಗಿ ನಿಮ್ಮ ವೈದ್ಯರು ಇವೆರಡರಲ್ಲಿ ಒಂದನ್ನು ಆರಿಸಿದರೆ ಅದರ ಮೇಲೆ ವಾದಕ್ಕೆ ಇಳಿಯುವ ಅಗತ್ಯವಿಲ್ಲ.

ವಾದ ಬರುವುದು ಸರಿದ ಮುರಿತದಲ್ಲಿ. ನಲವತ್ತರ ರೈತ ಟ್ರ್ಯಾಕ್ಟರಿನಿಂದ ಬಿದ್ದು ಕತ್ತು ಮುರಿದುಕೊಂಡರೆ, ಸರಿದಿದ್ದರೂ, ಮೂಳೆಯನ್ನು ಬೇಗನೆ ಜಾಗಕ್ಕೆ ಕೂರಿಸಿ ಬಿಗಿದು ಅವನದೇ ಗುಂಡನ್ನು ಉಳಿಸಲು ಯತ್ನಿಸುವುದು ನ್ಯಾಯ. ಕೃತಕ ಕೀಲು ಅವನ ಮುಂದಿನ ದುಡಿಮೆಯ ವರ್ಷಗಳಷ್ಟು ಬಾಳದಿರಬಹುದು. ಎಪ್ಪತ್ತೈದರ ಅಜ್ಜಿಗೆ ಅದೇ ಯತ್ನ ಮಾಡಿದರೆ ಲೆಕ್ಕ ತಿರುವುಮುರುವಾಗುತ್ತದೆ. ಸರಿದ ಮುರಿತಕ್ಕೆ ಸ್ಕ್ರೂ ಹಾಕಿಸಿಕೊಂಡ ಹಿರಿಯರಲ್ಲಿ ಮೂವರಲ್ಲಿ ಒಬ್ಬರವರೆಗೂ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಬಾಲ್ ಬದಲಿಸಿದವರಲ್ಲಿ ಅದು ಬಹಳ ಕಡಿಮೆ, ಮೇಲಾಗಿ ಮಾರನೆಯ ದಿನವೇ ಪೂರ್ತಿ ಭಾರ ಹಾಕಿ ನಿಲ್ಲಬಹುದು. "ಇರುವ ಮೂಳೆ ಯಾಕೆ ತೆಗೀಬೇಕು, ಸ್ಕ್ರೂನೇ ಹಾಕಿ" ಎಂದು ವೈದ್ಯರಿಗೆ ದುಂಬಾಲು ಬೀಳುವ ಮಕ್ಕಳನ್ನು ನಾನು ನೋಡಿದ್ದೇನೆ. ಅವರ ಸಂಕಟ ಅರ್ಥವಾಗುತ್ತದೆ. ಆದರೂ ಈ ಒಂದು ವಿಷಯದಲ್ಲಿ ವೈದ್ಯರ ಮಾತನ್ನು ಕೇಳಿ ಎಂದು ಕೈಮುಗಿದು ಹೇಳುತ್ತೇನೆ.

ಅರ್ಧ ಕೀಲೋ, ಪೂರ್ತಿ ಕೀಲೋ

ಬಾಲ್ ಬದಲಿಸುವುದರಲ್ಲಿ ಎರಡು ಬಗೆ. ಗುಂಡನ್ನು ಮಾತ್ರ ಬದಲಿಸಿ ಸೊಂಟದ ಗುಳಿಯನ್ನು ಹಾಗೇ ಬಿಡುವುದು ಅರ್ಧ ಕೀಲು. ನಮ್ಮಲ್ಲಿ ಹೆಚ್ಚಾಗಿ ಹಾಕುವ "ಬೈಪೋಲಾರ್" ಈ ಜಾತಿಯದು. ಗುಳಿಗೂ ಹೊಸ ಬಟ್ಟಲು ಕೂರಿಸುವುದು ಪೂರ್ತಿ ಕೀಲು. 2019ರಲ್ಲಿ ಪ್ರಕಟವಾದ, ಸುಮಾರು 1,500 ರೋಗಿಗಳ ಅಧ್ಯಯನದಲ್ಲಿ ಎರಡು ವರ್ಷದೊಳಗೆ ಮರುಶಸ್ತ್ರಚಿಕಿತ್ಸೆ ಎರಡರಲ್ಲೂ ನೂರಕ್ಕೆ ಎಂಟರಷ್ಟೇ ಇತ್ತು. ಪೂರ್ತಿ ಕೀಲಿನವರ ನಡಿಗೆ ತುಸು ಮೇಲೆನಿಸಿದರೂ ಬಾಲ್ ಜಾರುವ ಸಂಭವ ಅವರಲ್ಲಿ ಹೆಚ್ಚು. ಮನೆಯೊಳಗೆ ಮಾತ್ರ ಓಡಾಡುವ, ಮರೆವಿನ ಕಾಯಿಲೆ ಇರುವ ಹಿರಿಯರಿಗೆ ಅರ್ಧ ಕೀಲೇ ಸರಿ. ಬೀಳುವ ಮುಂಚೆ ಊರೆಲ್ಲ ನಡೆಯುತ್ತಿದ್ದ, ಚುರುಕು ಬುದ್ಧಿಯ ಅರವತ್ತೈದರವರಿಗೆ, ಅಥವಾ ಮೊದಲೇ ಸೊಂಟದ ಕೀಲು ಸವೆದಿದ್ದವರಿಗೆ, ಪೂರ್ತಿ ಕೀಲಿನ ಬಗ್ಗೆ ಕೇಳಬಹುದು.

ಸಿಮೆಂಟ್ ಹಾಕಿ ಕೂರಿಸುವುದೋ, ಸಿಮೆಂಟ್ ಇಲ್ಲದ್ದೋ ಎಂಬುದು ಮತ್ತೊಂದು ಪ್ರಶ್ನೆ. ಇಲ್ಲಿ ಉತ್ತರ ಸಾಕಷ್ಟು ಸ್ಪಷ್ಟವಾಗಿದೆ. ಬ್ರಿಟನ್ನಿನಲ್ಲಿ 1,225 ಹಿರಿಯರನ್ನು ಹೋಲಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಿಮೆಂಟಿನ ಅರ್ಧ ಕೀಲು ಹಾಕಿಸಿಕೊಂಡವರ ಬದುಕಿನ ಗುಣಮಟ್ಟ ಮೇಲಿತ್ತು, ಸಾಧನದ ಸುತ್ತ ಮೂಳೆ ಮುರಿಯುವುದು 2.1ರ ಬದಲು ನೂರಕ್ಕೆ 0.5ರಷ್ಟೇ ಇತ್ತು. ಜೊಳ್ಳಾದ ಮೂಳೆಗೆ ಸಿಮೆಂಟ್ ಆಸರೆಯಾಗುತ್ತದೆ. ಸಿಮೆಂಟ್ ತುಂಬುವ ಗಳಿಗೆಯಲ್ಲಿ ಕೆಲವರಿಗೆ ಬಿ.ಪಿ. ದಿಢೀರನೆ ಇಳಿಯುತ್ತದೆ, ಹೃದಯ, ಶ್ವಾಸಕೋಶ ತೀರ ದುರ್ಬಲವಾಗಿದ್ದರೆ ಅರಿವಳಿಕೆ ತಜ್ಞರು ಬೇರೆ ದಾರಿ ಹೇಳಬಹುದು.

ನಮ್ಮ ಕಡೆಯವರಿಗೆ ಇನ್ನೊಂದು ಮುಖ್ಯ ಸಂಗತಿಯಿದೆ. ಬಾಲ್ ಬದಲಿಸಿದ ಮೇಲೆ ಕುಕ್ಕರುಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಮುದ್ದೆ ಊಟಕ್ಕೆ ಕೂರುವುದು, ಕಾಲ ಮೇಲೆ ಕಾಲು ಹಾಕುವುದು ಬಾಲ್ ಜಾರಲು ಕಾರಣವಾಗಬಹುದು. ಹಿಂಬದಿಯಿಂದ ಕೊಯ್ದು ಮಾಡಿದ ಶಸ್ತ್ರಚಿಕಿತ್ಸೆಯಲ್ಲಿ ಮೊದಲ ಮೂರು ತಿಂಗಳಂತೂ ಬಹಳ ಎಚ್ಚರ ಬೇಕು. ಇಂಡಿಯನ್ ಕಕ್ಕಸು ಮಾತ್ರ ಇರುವ ಮನೆಗೆ ಮರಳುವವರಾದರೆ, ಶಸ್ತ್ರಚಿಕಿತ್ಸೆಯ ದಿನವೇ ಮನೆಯಲ್ಲಿ ಯಾರಾದರೊಬ್ಬರು ಎತ್ತರದ ಕಮೋಡ್ ಕುರ್ಚಿ ತಂದಿಡುವ ಏರ್ಪಾಡು ಮಾಡಲಿ.

ಬುಡ ಮುರಿದಿದ್ದರೆ: ಭಾರದ ಚಿಂತೆ

ಉಬ್ಬುಗಳ ನಡುವಿನ ಮೂಳೆ ರಕ್ತ ತುಂಬಿದ ಸ್ಪಂಜಿನಂಥದ್ದು, ಅದು ಕೂಡಿಯೇ ಕೂಡುತ್ತದೆ. ಬಿಟ್ಟರೆ ಓರೆಯಾಗಿ, ಗಿಡ್ಡವಾಗಿ ಕೂಡುತ್ತದೆ ಎಂಬುದೇ ತೊಂದರೆ. ಆದ್ದರಿಂದ ಇಲ್ಲಿ ಗುಂಡನ್ನು ತೆಗೆಯುವ ಪ್ರಶ್ನೆ ಸಾಮಾನ್ಯವಾಗಿ ಬರುವುದಿಲ್ಲ. ಸ್ಪರ್ಧೆ ಪ್ಲೇಟಿಗೂ ರಾಡಿಗೂ.

ಪ್ಲೇಟ್ ಎಂದರೆ ವೈದ್ಯರ ಬಾಯಲ್ಲಿ "ಡಿ.ಎಚ್.ಎಸ್." ಒಂದು ದಪ್ಪ ಸ್ಕ್ರೂ ಕತ್ತಿನ ಮೂಲಕ ಗುಂಡಿನೊಳಕ್ಕೆ ಹೋಗುತ್ತದೆ. ಅದರ ಹಿಂಬದಿ, ತೊಡೆಯ ಹೊರಮೈಗೆ ಬಿಗಿದ ಪ್ಲೇಟಿನ ಕೊಳವೆಯಲ್ಲಿ, ಸಾಮಾನ್ಯವಾಗಿ 135 ಡಿಗ್ರಿ ಕೋನದಲ್ಲಿ, ಜಾರುವಂತಿರುತ್ತದೆ. ರೋಗಿ ಕಾಲೂರಿದಾಗ ಸ್ಕ್ರೂ ಸ್ವಲ್ಪ ಹಿಂದಕ್ಕೆ ಜಾರಿ ಮುರಿದ ಎರಡು ಭಾಗಗಳು ಒಂದನ್ನೊಂದು ಒತ್ತಿಕೊಳ್ಳುತ್ತವೆ, ಕೂಡುವುದು ಬೇಗವಾಗುತ್ತದೆ. ದಶಕಗಳ ಅನುಭವದಲ್ಲಿ ಗಟ್ಟಿಯಾಗಿ ನಿಂತ, ಕಡಿಮೆ ಬೆಲೆಯ ವಿಧಾನವಿದು. ಆದರೆ ಅದು ನೆಚ್ಚುವುದು ಮೂಳೆಯ ಹೊರಗೋಡೆಯನ್ನು. ಆ ಗೋಡೆ ತೆಳುವಾಗಿದ್ದರೆ (ಒಂದು ಅಧ್ಯಯನ ಹೇಳಿದ ಮಿತಿ 20.5 ಮಿ.ಮೀ.) ಸ್ಕ್ರೂಗೆ ರಂಧ್ರ ಕೊರೆಯುವಾಗಲೇ ಒಡೆದು, ಜಾರಾಟಕ್ಕೆ ತಡೆಯೇ ಇಲ್ಲದಂತಾಗಿ ಕಾಲು ಗಿಡ್ಡವಾಗುತ್ತದೆ.

ರಾಡ್ ಎಂದರೆ "ಪಿ.ಎಫ್.ಎನ್." ಇಲ್ಲವೇ ಅದರ ತಮ್ಮಂದಿರು. ಮೂಳೆಯ ಟೊಳ್ಳಿನೊಳಗೆ ಮೇಲಿನಿಂದ ರಾಡ್ ಇಳಿಸಿ, ಅದರ ಮೂಲಕ ಗುಂಡಿನೊಳಕ್ಕೆ ಒಂದೋ ಎರಡೋ ಸ್ಕ್ರೂ ಅಥವಾ ಸುರುಳಿಯಲಗು ಹಾಕುತ್ತಾರೆ. ದೇಹದ ಭಾರ ಇಳಿಯುವ ಗೆರೆಗೆ ರಾಡ್ ಹತ್ತಿರವಿರುವುದರಿಂದ ಅದರ ಮೇಲೆ ಬೀಳುವ ಬಾಗುವ ಒತ್ತಡ ಕಡಿಮೆ. ತುಂಬಿದ ಬಿಂದಿಗೆಯನ್ನು ಕೈಚಾಚಿ ಹಿಡಿಯುವುದಕ್ಕೂ ಸೊಂಟಕ್ಕೆ ಒತ್ತಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ನೆನೆಯಿರಿ. ಒಳಗೋಡೆ ಚೂರುಚೂರಾಗಿದ್ದರೆ, ಹೊರಗೋಡೆ ಒಡೆದಿದ್ದರೆ, ಮುರಿತದ ಗೆರೆ ಉಲ್ಟಾ ಓರೆಯಾಗಿದ್ದರೆ (ಎಂದರೆ ಒಳಮೈಯಿಂದ ಹೊರಮೈಯ ಕಡೆಗೆ ಕೆಳಕ್ಕೆ ಇಳಿದಿದ್ದರೆ), ಅಥವಾ ಉಬ್ಬಿನ ಕೆಳಗೆ ಮುರಿದಿದ್ದರೆ ರಾಡೇ ಸರಿ. ಉಲ್ಟಾ ಓರೆಯ ಮುರಿತಕ್ಕೆ ಜಾರುವ ಪ್ಲೇಟ್ ಹಾಕಿದರೆ ಸ್ಕ್ರೂ ಜಾರುವ ದಿಕ್ಕಿನಲ್ಲೇ ಮುರಿತ ಅಗಲುತ್ತದೆ. ಎರಡೇ ತುಂಡಾದ ಗಟ್ಟಿ ಮುರಿತದಲ್ಲಿ ಮಾತ್ರ ಎರಡೂ ವಿಧಾನಗಳ ಫಲ ಹತ್ತಿರಹತ್ತಿರವೇ ಬಂದಿದೆ. ಅಂಥ ಕಡೆ ರಾಡ್ "ಹೊಸದು" ಎಂಬ ಒಂದೇ ಕಾರಣಕ್ಕೆ ಸಾಲ ಮಾಡಿ ಹಾಕಿಸಬೇಕಾಗಿಲ್ಲ.

ರಾಡಿಗೂ ಅದರದೇ ತೊಂದರೆಗಳಿವೆ. ಎರಡು ಸ್ಕ್ರೂಗಳ ರಾಡಿನಲ್ಲಿ ಒಂದು ಒಳಕ್ಕೆ ನುಗ್ಗಿ ಇನ್ನೊಂದು ಹೊರಕ್ಕೆ ಸರಿಯುವುದುಂಟು. ರಾಡಿನ ತುದಿಯ ಬಳಿ ಮೂಳೆ ಮುರಿಯುವುದು ಹಳೆಯ ಮಾದರಿಗಳಲ್ಲಿ ಹೆಚ್ಚಾಗಿತ್ತು. ನಮ್ಮವರ ಮೂಳೆ ಪಾಶ್ಚಾತ್ಯರಿಗಿಂತ ಚಿಕ್ಕದಾದ್ದರಿಂದ ಏಷ್ಯಾದವರ ಅಳತೆಗೆ ತಕ್ಕಂತೆ ತಿದ್ದಿದ ರಾಡ್‌ಗಳೂ ಬಂದಿವೆ.

ಶಸ್ತ್ರಚಿಕಿತ್ಸೆಯ ನಂತರದ ಫಿಲ್ಮ್ ನೋಡಿ, ಒಂದು ಸಂಖ್ಯೆ ಕೇಳಿ

ಸಾಧನದ ಹೆಸರಿಗಿಂತ ಅದನ್ನು ಕೂರಿಸಿದ ರೀತಿ ದೊಡ್ಡದು. 1995ರಲ್ಲಿ ಬಾಮ್‌ಗಾರ್ಟ್‌ನರ್ ಮತ್ತು ಸಂಗಡಿಗರು ಒಂದು ಸರಳ ಅಳತೆ ಕೊಟ್ಟರು. ಸ್ಕ್ರೂವಿನ ಮೊನೆಯಿಂದ ಗುಂಡಿನ ನೆತ್ತಿಯವರೆಗಿನ ದೂರವನ್ನು ಎದುರಿನ ಫಿಲ್ಮಿನಲ್ಲೂ ಪಕ್ಕದ ಫಿಲ್ಮಿನಲ್ಲೂ ಅಳೆದು ಕೂಡಿಸಬೇಕು. ಮೊತ್ತ 25 ಮಿ.ಮೀ.ಗಿಂತ ಕಡಿಮೆಯಿದ್ದರೆ ಸ್ಕ್ರೂ ಗುಂಡನ್ನು ಸೀಳಿಕೊಂಡು ಹೊರಬರುವ ಸಂಭವ ಬಹಳ ಕಡಿಮೆ. ಪ್ಲೇಟಿಗೂ ರಾಡಿಗೂ ಈ ಮಾತು ಸಲ್ಲುತ್ತದೆ. ಮುರಿದ ಮೂಳೆಯನ್ನು ಓರೆಯಾಗಿಯೇ ಬಿಟ್ಟು ಎಷ್ಟು ದುಬಾರಿ ರಾಡ್ ಹಾಕಿದರೂ ಅದು ಸೋಲುತ್ತದೆ. ಚೆನ್ನಾಗಿ ಜೋಡಿಸಿ ನೆಟ್ಟಗೆ ಕೂರಿಸಿದ ಸಾಧಾರಣ ಪ್ಲೇಟ್ ವರ್ಷಗಟ್ಟಲೆ ನಿಲ್ಲುತ್ತದೆ. "ಡಾಕ್ಟ್ರೇ, ಸ್ಕ್ರೂ ಗುಂಡಿನ ನಡುಭಾಗದಲ್ಲಿ, ಆಳವಾಗಿ ಕೂತಿದೆಯಾ? ಅಮ್ಮ ಪೂರ್ತಿ ಭಾರ ಹಾಕಬಹುದಾ?" ಎಂದು ವಿನಯದಿಂದ ಕೇಳಿದರೆ ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ. "ಹಾಕಬಾರದು" ಎಂದರೆ ಏಕೆ, ಎಷ್ಟು ವಾರ ಎಂದು ಬರೆಸಿಕೊಳ್ಳಿ. ಭಾರ ಅರ್ಧ ಮಾತ್ರ ಹಾಕು ಎಂದರೆ ಎಂಬತ್ತರ ಅಜ್ಜಿಗೆ ಅದು ಸಾಧ್ಯವಾಗುವ ಮಾತಲ್ಲ, ಅವರು ಹೆದರಿ ಹಾಸಿಗೆ ಹಿಡಿಯುತ್ತಾರೆ. ಸಾಧನದ ಪೊಟ್ಟಣದ ಮೇಲಿನ ಸ್ಟಿಕ್ಕರ್ ಡಿಸ್ಚಾರ್ಜ್ ಫೈಲಿನಲ್ಲಿ ಇದೆಯೇ ಎಂದೂ ನೋಡಿ. ಮುಂದೆಂದಾದರೂ ತೆಗೆಯಬೇಕಾದರೆ ಅದೇ ಆಧಾರ.

ಖರ್ಚಿನ ಬಗ್ಗೆ ಒಂದು ಮಾತು. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್‌ನಂಥ ಸರ್ಕಾರಿ ಬೋಧನಾ ಆಸ್ಪತ್ರೆಗಳಲ್ಲಿ ಮೂಳೆ ವಿಭಾಗವಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಆಧಾರ್ ಮತ್ತು ರೇಷನ್ ಕಾರ್ಡನ್ನು ಮೊದಲ ದಿನವೇ ಕೊಟ್ಟು, ಸಾಧನದ ಬೆಲೆಯೂ ಅದರಲ್ಲಿ ಸೇರಿದೆಯೇ ಎಂದು ದಾಖಲಾಗುವಾಗಲೇ ಕೇಳಿ.

ಎದ್ದು ನಿಲ್ಲುವ ದಿನ

ಮಾರನೆಯ ಬೆಳಿಗ್ಗೆ ನಾವು ಹಾಸಿಗೆಯಂಚಿಗೆ ಕೂರಿಸುತ್ತೇವೆ. ಎರಡು ನಿಮಿಷ ಕಾಲು ಇಳಿಬಿಟ್ಟು ತಲೆಸುತ್ತು ನಿಲ್ಲುವವರೆಗೆ ಕಾಯುತ್ತೇವೆ. ವಾಕರ್ ಮೊದಲು ಮುಂದಕ್ಕೆ, ಅದರ ಹಿಂದೆ ನೋವಿನ ಕಾಲು, ಆಮೇಲೆ ಒಳ್ಳೆಯ ಕಾಲು. ನಾಲ್ಕು ಹೆಜ್ಜೆಯಾದರೂ ಸಾಕು. ಆ ನಾಲ್ಕು ಹೆಜ್ಜೆಗೆ ಅರ್ಧ ಗಂಟೆ ಮುಂಚೆ ನೋವಿನ ಮಾತ್ರೆ ಕೊಟ್ಟಿರಬೇಕು, ಇದನ್ನು ನರ್ಸ್‌ಗೆ ನೆನಪಿಸಿ. "ಪಾಪ, ಇವತ್ತು ಮಲಗಲಿ ಬಿಡಿ" ಎಂದು ನಮ್ಮನ್ನು ವಾಪಸ್ ಕಳಿಸಬೇಡಿ. ರಾತ್ರಿ ಅಸಂಬದ್ಧವಾಗಿ ಮಾತಾಡಿದರೆ ಹೆದರದೆ ಕನ್ನಡಕ, ಕಿವಿಯ ಯಂತ್ರ ಹಾಕಿ, ಪರಿಚಿತರೊಬ್ಬರು ಪಕ್ಕದಲ್ಲಿ ಕೂತು, ವೈದ್ಯರಿಗೆ ತಿಳಿಸಿ. ಊಟದಲ್ಲಿ ಮೊಟ್ಟೆ, ಬೇಳೆ, ಹಾಲು, ಮೊಸರು ಹೆಚ್ಚಿರಲಿ.

ಮನೆಗೆ ಹೋದ ಮೇಲೆ ಗಾಯದಿಂದ ನೀರು ಒಸರಿದರೆ, ಮೀನಖಂಡ ಊದಿದರೆ, ಉಸಿರು ಕಟ್ಟಿದರೆ, ಚೆನ್ನಾಗಿ ನಡೆಯುತ್ತಿದ್ದವರಿಗೆ ಇದ್ದಕ್ಕಿದ್ದಂತೆ ತೊಡೆಸಂದಿನಲ್ಲಿ ನೋವು ಬಂದು ಕಾಲು ಗಿಡ್ಡವೆನಿಸಿದರೆ, ಮುಂದಿನ ತಪಾಸಣೆಯ ದಿನದವರೆಗೆ ಕಾಯದೆ ಅಂದೇ ಬನ್ನಿ. ಎಲ್ಲ ಸರಿಯಿದ್ದರೂ ವೈದ್ಯರು ಹೇಳಿದ ದಿನಕ್ಕೆ, ಸಾಮಾನ್ಯವಾಗಿ ಆರನೆಯ ವಾರ ಮತ್ತು ಮೂರನೆಯ ತಿಂಗಳು, ಫಿಲ್ಮ್ ತೆಗೆಸಲೇಬೇಕು.

ಆ ಭೇಟಿಯಲ್ಲಿ ಕೇಳಲೇಬೇಕಾದ, ಬಹಳ ಜನ ಕೇಳದೆ ಬಿಡುವ ಸಂಗತಿ ಮೂಳೆ ಗಟ್ಟಿಯಾಗಿಸುವ ಔಷಧಿಯದು. ನಿಂತ ಎತ್ತರದಿಂದ ಬಿದ್ದು ಸೊಂಟ ಮುರಿದಿದೆ ಎಂದರೆ ಮೂಳೆ ಜೊಳ್ಳಾಗಿದೆ ಎಂದೇ ಅರ್ಥ. ಇನ್ನೊಂದು ಕಡೆಯೂ ಅದೇ ಸ್ಥಿತಿಯಲ್ಲಿರುತ್ತದೆ. ಸೊಂಟದ ಶಸ್ತ್ರಚಿಕಿತ್ಸೆಯಾಗಿ 90 ದಿನದೊಳಗೆ ಜೋಲೆಡ್ರೋನಿಕ್ ಆಮ್ಲವನ್ನು ರಕ್ತನಾಳದ ಮೂಲಕ ಕೊಟ್ಟು, ವರ್ಷಕ್ಕೊಮ್ಮೆ ಮುಂದುವರಿಸಿದ 2007ರ ಅಧ್ಯಯನದಲ್ಲಿ ಹೊಸ ಮುರಿತಗಳು ನೂರಕ್ಕೆ 35ರಷ್ಟು ಕಡಿಮೆಯಾದವು, ಸಾವೂ ಕಡಿಮೆಯಾಯಿತು. ಅದಕ್ಕೆ ಮೊದಲು ವಿಟಮಿನ್ ಡಿ, ಕ್ಯಾಲ್ಸಿಯಂ ಮತ್ತು ಮೂತ್ರಪಿಂಡದ ಪರೀಕ್ಷೆ ಆಗಬೇಕು, ಹಲ್ಲು ಕೀಳಿಸುವುದಿದ್ದರೆ ಮುಂಚೆಯೇ ಹೇಳಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ, ಮನೆಗೆ ಹೊರಡುವ ಮುಂಚೆ ವೈದ್ಯರಿಂದ ಬರೆಸಿಕೊಂಡೇ ಹೊರಡಿ.